ಜಿಲೇಬಿ ತರುತ್ತಿದ್ದೇನೆ

ಪುಣೆಗೆ ಬಂದು ಹದಿನೆಂಟು ವರ್ಷಗಳಾದರೂ ಬಿಡಲಾಗದ ಚಟವೊಂದು ನನಗಿದೆ. ಭಾನುವಾರ ನಸುಕಿನಲ್ಲೇ ಎದ್ದು, ಗಾಳದ ಕೋಲನ್ನು ಕಾರಿನಲ್ಲಿ ಓರೆಯಾಗಿ ತುರುಕಿ, ಸೊಲ್ಲಾಪುರದ ಹೆದ್ದಾರಿ ಹಿಡಿದು ನೂರು ಕಿಲೋಮೀಟರ್ ದೂರದ ಭಿಗವಣಕ್ಕೆ ಹೋಗುತ್ತೇನೆ. ಅಲ್ಲಿರುವುದು ಭೀಮಾ ನದಿಯ ಉಜನಿ ಜಲಾಶಯದ ಹಿನ್ನೀರು. ಚಳಿಗಾಲದಲ್ಲಿ ಫ್ಲೆಮಿಂಗೊ ಹಕ್ಕಿಗಳನ್ನು ನೋಡಲು ಮೊಳದುದ್ದದ ಕ್ಯಾಮೆರಾ ಹೊತ್ತ ಜನ ಅಲ್ಲಿ ಜಮಾಯಿಸುತ್ತಾರೆ. ನಾನು ಅವರಿಗೆ ಬೆನ್ನು ಹಾಕಿ, ದಡದ ಮೀನುಗಾರರ ಒಪ್ಪಿಗೆ ಪಡೆದು, ಎರೆಹುಳುವಿನ ಡಬ್ಬಿ ಬಿಚ್ಚುತ್ತೇನೆ. ಈ ಭೀಮೆಯೇ ಮುಂದೆ ನಮ್ಮ ಅಫಜಲಪುರದ ಸೀಮೆಗೆ ಹರಿಯುವುದರಿಂದ, ತವರಿಗೆ ಹೊರಟ ಮೀನನ್ನು ನಡುದಾರಿಯಲ್ಲಿ ಮಾತನಾಡಿಸುತ್ತಿದ್ದೇನೆ ಎಂಬ ಸಮಾಧಾನವೂ ಉಂಟು.

ಆದರೆ ರೋಹು, ಕಾಟ್ಲಾದಂಥ ಮರ್ಯಾದಸ್ಥ ಮೀನುಗಳು ನನ್ನ ಗಾಳವನ್ನು ಇಂದಿನವರೆಗೂ ಮೂಸಿಯೂ ನೋಡಿಲ್ಲ. ನನಗೆ ದಕ್ಕುವುದೆಲ್ಲ ಯಾರಿಗೂ ಬೇಡವಾದವು. ಉಡುಪಿಯಲ್ಲಿ ಹುಟ್ಟಿ, ಬಂಗುಡೆ, ಅಂಜಲ್‌ಗಳ ನಡುವೆ ಬೆಳೆದ ನನ್ನ ಹೆಂಡತಿಯಂತೂ ಸಿಹಿನೀರಿನ ಯಾವ ಜೀವಿಯನ್ನೂ ಮೀನೆಂದು ಒಪ್ಪಿಕೊಂಡವಳಲ್ಲ. "ಕೆಸರು ತಿಂದು ಬೆಳೆದದ್ದೂ ಒಂದು ಮೀನೇನ್ರೀ?" ಎಂಬುದು ಅವಳ ಖಾಯಂ ಪ್ರಶ್ನೆ.

ನನ್ನ ಪಾಲಿಗೆ ಹೆಚ್ಚಾಗಿ ಬರುವುದು ತಿಲಾಪಿಯಾ. ಆಫ್ರಿಕಾ ಮೂಲದ ಈ ಮೀನನ್ನು ನಮ್ಮ ದೇಶಕ್ಕೆ 1952ರಲ್ಲಿ ತಂದು ಬಿಟ್ಟರು. ಆಮೇಲೆ ಅದು ಯಾರನ್ನೂ ಕೇಳದೆ ಕೆರೆ ಕುಂಟೆಗಳನ್ನೆಲ್ಲ ತನ್ನದಾಗಿಸಿಕೊಂಡಿತು. ಹೆಣ್ಣು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ, ಆ ದಿನಗಳಲ್ಲಿ ಬಹುಮಟ್ಟಿಗೆ ಉಪವಾಸವಿರುತ್ತದೆ. ಹಾಗಾಗಿ ನನ್ನ ಎರೆಹುಳುವಿಗೆ ಬಾಯಿ ಹಾಕುವವೆಲ್ಲ ಸಂಸಾರದ ಹೊಣೆಯಿಲ್ಲದೆ ಭಾನುವಾರ ಅಲೆಯಲು ಹೊರಟವು, ಅಂದರೆ ನನ್ನಂಥವೇ, ಎಂದು ನನ್ನ ಅನುಮಾನ. ಭಿಗವಣದವರು ಇದನ್ನು ಚಿಲಾಪಿ ಎನ್ನುತ್ತಾರೆ. ನಮ್ಮ ಕಡೆ ಇದರ ಹೆಸರು ಜಿಲೇಬಿ. ಮುಂದಿನ ಅನಾಹುತಕ್ಕೆಲ್ಲ ಈ ಹೆಸರೇ ಕಾರಣ.

ಕಳೆದ ಚಳಿಗಾಲದ ಒಂದು ಭಾನುವಾರ ಹನ್ನೊಂದು ಗಂಟೆಯೊಳಗೆ ಎರಡು ಕಿಲೋದಷ್ಟು ಜಿಲೇಬಿ ಸಿಕ್ಕಿತ್ತು. ಅಲ್ಲಿಗೇ ಏಳಬೇಕಿತ್ತು. ಇನ್ನೊಮ್ಮೆ ಗಾಳ ಹಾಕಿದೆ. ಬೆಂಡು ಎರಡು ಸಲ ಕುಣಿದು ಓರೆಯಾಗಿ ಮುಳುಗಿತು. ಎಳೆದರೆ ಗೇಣುದ್ದದ ಚೇಳುಮೀನು: ಹುರುಪೆಯಿಲ್ಲದ ಕಂದು ಮೈ, ನಾಲ್ಕು ಜೊತೆ ಮೀಸೆ, ಚಪ್ಪಟೆ ತಲೆ. ಕೊಕ್ಕೆ ಬಿಡಿಸಲು ಹೋದಾಗ ಅದು ಎದೆಯ ಪಕ್ಕದ ವಿಷಮುಳ್ಳನ್ನು ನನ್ನ ಹೆಬ್ಬೆರಳಿಗೆ ನೆಟ್ಟಿತು. ಹೆಸರು ಇಟ್ಟವರು ಎಷ್ಟು ಅನುಭವಸ್ಥರೆಂಬುದು ಆಗ ತಿಳಿಯಿತು. ಅಲ್ಲಿಯವರು ಚೇಳುಮೀನನ್ನು ಶಿಂಗಿ ಎನ್ನುತ್ತಾರೆ. "ಶಿಂಗಿಯ ವಿಷ ಬಿಸಿಗೆ ಇಳಿಯುತ್ತದೆ" ಎಂದು ಮುದುಕ ಮೀನುಗಾರನೊಬ್ಬ ನನ್ನನ್ನು ಚಹಾದಂಗಡಿಗೆ ನಡೆಸಿಕೊಂಡು ಹೋದ. ತಾಳುವಷ್ಟು ಬಿಸಿಯಾದ ನೀರಿನ ಲೋಟದಲ್ಲಿ ಬೆರಳು ಅದ್ದಿಕೊಂಡು ಅರ್ಧ ಗಂಟೆ ಕುಳಿತೆ. ನೀರು ಬದಲಾಯಿಸಿದಾಗಲೆಲ್ಲ ಅಂಗಡಿಯವನು ಒಂದು ಚಹಾದ ದುಡ್ಡು ಬರೆದುಕೊಂಡ.

ಆ ಸ್ಥಿತಿಯಲ್ಲೇ ಮನೆಗೆ ಫೋನು ಮಾಡಿದೆ. ಎತ್ತಿದವರು, ವಾರದ ಹಿಂದಷ್ಟೇ ಊರಿನಿಂದ ಬಂದಿದ್ದ ನಮ್ಮ ಅತ್ತೆ.

"ಅತ್ತೆ, ಜಿಲೇಬಿ ತರುತ್ತಿದ್ದೇನೆ, ಎರಡು ಕಿಲೋ."

"ಬಿಸಿಯುಂಟಾ ಅಳಿಯಂದಿರೇ?"

"ಈಗಷ್ಟೇ ತೆಗೆದದ್ದು" ಎಂದೆ. ಅಷ್ಟರಲ್ಲಿ ಸಂಪರ್ಕ ಕಡಿಯಿತು.

ಅಂದು ಮಧ್ಯಾಹ್ನ ಬಡಾವಣೆಯ ಐವರು ಕನ್ನಡ ಮಹಿಳೆಯರು ದೇವರನಾಮದ ಅಭ್ಯಾಸಕ್ಕೆಂದು ನಮ್ಮ ಮನೆಗೆ ಬರುವವರಿದ್ದರು. ನಾನು ಬಾಗಿಲು ತಳ್ಳಿದಾಗ ಹಾಡು ಮುಗಿದಿತ್ತು. ಸಿಹಿ ಬರುವುದೆಂದು ಉಪ್ಪಿಟ್ಟಿನ ತಟ್ಟೆಯಲ್ಲಿ ಒಂದು ಮೂಲೆಯನ್ನು ಖಾಲಿ ಉಳಿಸಿಕೊಂಡು ಎಲ್ಲರೂ ಕಾಯುತ್ತಿದ್ದರು. ಅತ್ತೆ ಮುಗುಳ್ನಗುತ್ತ ನನ್ನ ಕೈಚೀಲ ತೆಗೆದುಕೊಂಡು, ಸೌಜನ್ಯದಿಂದ ಎಲ್ಲರೆದುರೇ ಬಿಚ್ಚಿದರು. ಚೇಳುಮೀನು ಗಾಳಿಯನ್ನೂ ಉಸಿರಾಡಬಲ್ಲದು, ಒದ್ದೆ ಚೀಲದಲ್ಲಿ ಗಂಟೆಗಟ್ಟಲೆ ಬದುಕಬಲ್ಲದು ಎಂಬುದನ್ನು ವಿವರಿಸಲು ನನಗೆ ಅವಕಾಶವೇ ಸಿಗಲಿಲ್ಲ. ಅದು ತಾನೇ ಹೊರಬಿದ್ದು, ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಹೊರಳಾಡಿ ತೋರಿಸಿತು. ಮಾಧ್ವರ ಮನೆಯ ಹಿರಿಯರೊಬ್ಬರು ಸೋಫಾದ ಮೇಲೆ ಹತ್ತಿ ನಿಂತದ್ದು ನೆನಪಿದೆ. ಉಳಿದವರು ಚಪ್ಪಲಿ ಮೆಟ್ಟಿಕೊಂಡರೋ, ಕೈಯಲ್ಲಿ ಹಿಡಿದೇ ಓಡಿದರೋ, ನಾನು ನೋಡಲಿಲ್ಲ.

ಗದ್ದಲಕ್ಕೆ ಎದುರುಮನೆಯ ಬಂಗಾಳಿ ದಂಪತಿ ಓಡಿ ಬಂದರು. ನೆಲದ ಮೇಲಿದ್ದುದನ್ನು ಕಂಡು ಆ ಮನುಷ್ಯನ ಕಣ್ಣು ತುಂಬಿ ಬಂತು. ಅವರ ಕಡೆ ಕಾಯಿಲೆಯಿಂದ ಎದ್ದವರಿಗೆ ಇದರ ತೆಳು ಸಾರು ಮಾಡಿ ಕೊಡುತ್ತಾರಂತೆ. ನಾನು ಹೆಬ್ಬೆರಳು ತೋರಿಸಿದೆ. ರೋಗಿ ಇಲ್ಲೇ ಇದ್ದಾನೆಂದು ಹೇಳುವುದು ನನ್ನ ಉದ್ದೇಶವಾಗಿತ್ತು. ಅವರು ಅದನ್ನು ಗಮನಿಸದೆ, ಹಳೆಯ ಟವೆಲಿನಲ್ಲಿ ಮೀನನ್ನು ಮಗುವಿನಂತೆ ಸುತ್ತಿಕೊಂಡು ಹೊರಟೇಹೋದರು.

ಜಿಲೇಬಿಯನ್ನು ನಾನೇ ಹುರಿದು ನಾನೇ ತಿಂದೆ. ಮೂರು ದಿನ ಮನೆಯಲ್ಲಿ ಯಾರೂ ನನ್ನೊಡನೆ ಮಾತನಾಡಲಿಲ್ಲ. ನಾಲ್ಕನೆಯ ದಿನ ಎದುರುಮನೆಯಿಂದ ಕೃತಜ್ಞತೆಯ ರೂಪದಲ್ಲಿ ಒಂದು ಡಬ್ಬಿ ರಸಗುಲ್ಲ ಬಂತು. ಅತ್ತೆ ಒಂದನ್ನು ಬಾಯಿಗಿಟ್ಟು, ಇನ್ನೊಂದರ ಪಾಕವನ್ನು ಹಿಂಡುತ್ತ, ನನ್ನ ಮುಖ ನೋಡದೆ ಕೇಳಿದರು:

"ಅಳಿಯಂದಿರೇ, ಆ ಚೇಳು ಇನ್ನೂ ಸಿಗುತ್ತದಾ?"