ಬಣ್ಣ ಕೆಟ್ಟ ಮಾತ್ರಕ್ಕೆ ಪರದೆಯೇ ಹೋಯಿತು ಎನ್ನಬೇಡಿ

ಲ್ಯಾಪ್‌ಟಾಪ್ ಪರದೆ ಇದ್ದಕ್ಕಿದ್ದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಇಲ್ಲವೇ ನೆರಳಿನ ಜಾಗವೆಲ್ಲ ಹಸಿರಾಗುತ್ತದೆ. ರಿಪೇರಿಗೆ ಒಯ್ದರೆ ಕೇಳಿಬರುವುದು ಒಂದೇ ಮಾತು: ‘ಡಿಸ್‌ಪ್ಲೇ ಹೋಗಿದೆ, ಹೊಸದು ಹಾಕಬೇಕು.’ ಸ್ನೇಹಿತರ, ಬಂಧುಗಳ ಲ್ಯಾಪ್‌ಟಾಪ್‌ಗಳನ್ನು ಬಿಚ್ಚಿ ನೋಡುವ ಅಭ್ಯಾಸ ನನಗೆ ಬಹಳ ಕಾಲದಿಂದ ಇದೆ. ಪರೀಕ್ಷಿಸದೆ ಕೊಡುವ ಈ ತೀರ್ಪನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಣ್ಣ ಎಲ್ಲಿ ಕೆಡುತ್ತಿದೆ ಎಂದು ತೋರಿಸದವರಿಗೆ ಪರದೆಯ ಹಣ ಕೇಳುವ ಹಕ್ಕಿಲ್ಲ.

ಚಿತ್ರ ಹುಟ್ಟುವುದು ಗ್ರಾಫಿಕ್ಸ್ ಚಿಪ್‌ನಲ್ಲಿ. ಅಲ್ಲಿಂದ ಮದರ್‌ಬೋರ್ಡಿನ ಕನೆಕ್ಟರ್‌ಗೆ, ಮುಚ್ಚಳದ ಹಿಂಜ್ ಬಳಿ ನುಸುಳಿ ಹೋಗುವ ಕೇಬಲ್‌ಗೆ, ಕೊನೆಗೆ ಪ್ಯಾನೆಲ್ಲಿಗೆ, ಅಂದರೆ ಪರದೆಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ಎಡವಟ್ಟಾದರೂ ಕಣ್ಣಿಗೆ ಕಾಣುವುದು ಪರದೆಯ ಮೇಲೆಯೇ. ಹಾಗಾಗಿ ಆರೋಪ ಮೊದಲು ಅದರ ತಲೆಗೇ ಬರುತ್ತದೆ.

ಮೊದಲು ಸೆಟ್ಟಿಂಗ್ ನೋಡಿ. ಎಲ್ಲವೂ ಹಳದಿ ಕಂಡರೆ ನೈಟ್ ಲೈಟ್ ಆನ್ ಆಗಿರಬಹುದು. ಪೂರ್ತಿ ಕಪ್ಪು-ಬಿಳುಪಾದರೆ ವಿಂಡೋಸ್‌ನ ಕಲರ್ ಫಿಲ್ಟರ್ ಆಗಿರಬಹುದು. ಅದಲ್ಲವಾದರೆ ಯಂತ್ರವನ್ನು ಮರಳಿ ಚಾಲೂ ಮಾಡಿ ವಿಂಡೋಸ್‌ಗಿಂತ ಮೊದಲೇ ತೆರೆಯುವ ಬಯೋಸ್ ಎಂಬ ಸೆಟ್ಟಿಂಗ್ ಪುಟಕ್ಕೆ ಹೋಗಿ. ಅಲ್ಲಿ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ, ಗ್ರಾಫಿಕ್ಸ್ ಚಿಪ್ ನಡೆಸುವ ಅದರ ತಂತ್ರಾಂಶವಾದ ಡ್ರೈವರ್ ಕೂಡ ಇರುವುದಿಲ್ಲ. ಅಲ್ಲಿಯೂ ಬಣ್ಣ ಕೆಟ್ಟಿದ್ದರೆ ಡ್ರೈವರ್ ಬದಲಿಸುತ್ತಾ ಕೂರುವುದು ವ್ಯರ್ಥ.

ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೋ ಬೇರೆ ಮಾನಿಟರಿಗೋ ಜೋಡಿಸಿ ನೋಡುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಅಲ್ಲಿಯೂ ಅದೇ ಕೆಟ್ಟ ಬಣ್ಣ ಬಂದರೆ ಅನುಮಾನ ಡ್ರೈವರ್ ಮತ್ತು ಗ್ರಾಫಿಕ್ಸ್ ಚಿಪ್ ಕಡೆಗೆ ಹೋಗುತ್ತದೆ. ಸರಿಯಾಗಿ ಬಂದರೆ ಚಿಪ್ ಬಹುಮಟ್ಟಿಗೆ ಪಾರಾದಂತೆ. ‘ಬಹುಮಟ್ಟಿಗೆ’ ಎನ್ನಲು ಕಾರಣವಿದೆ: ಎರಡು ಗ್ರಾಫಿಕ್ಸ್ ಚಿಪ್ ಇರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಪರದೆಗೆ ಒಂದು, ಹೊರಗಿನ ಪೋರ್ಟಿಗೆ ಇನ್ನೊಂದು ಚಿಪ್ ಚಿತ್ರ ಕಳಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಹಿಂಜ್ ಬಳಿಯ ಆ ಕೇಬಲ್. ಕೂದಲೆಳೆಯಂಥ ತಂತಿಗಳನ್ನು ಕಟ್ಟಿ, ಮೇಲೆ ಟೇಪ್ ಸುತ್ತಿರುತ್ತಾರೆ. ಮುಚ್ಚಳ ತೆರೆದು ಮುಚ್ಚಿದಾಗಲೆಲ್ಲ ಅದು ಅದೇ ಜಾಗದಲ್ಲಿ ಮಡಚಿಕೊಳ್ಳುತ್ತದೆ, ಉಜ್ಜಿಕೊಳ್ಳುತ್ತದೆ. ಪರದೆಯ ತುಂಬ ಬರೀ ಬೂದು ಬಣ್ಣದ ಚಿತ್ರವೊಂದನ್ನು ಹಾಕಿ, ಮುಚ್ಚಳವನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಸರಿಸಿ. ನನ್ನ ಗೆಳೆಯನ ಲ್ಯಾಪ್‌ಟಾಪ್ ಅರ್ಧ ತೆರೆದಾಗ ಶುದ್ಧ ಬೂದು ತೋರಿಸುತ್ತಿತ್ತು. ಇನ್ನೊಂದು ಬೆರಳಿನಷ್ಟು ಹಿಂದಕ್ಕೆ ತಳ್ಳಿದರೆ ಪರದೆಯೆಲ್ಲ ನೇರಳೆ. ಒಳಗೆ ನೋಡಿದರೆ ಪ್ಯಾನೆಲ್ ಹಿಂಭಾಗದ ಕನೆಕ್ಟರ್ ಒಂದು ಬದಿಯಲ್ಲಿ ತುಸು ಮೇಲೆದ್ದಿತ್ತು. ಒತ್ತಿ ಕೂರಿಸಿ ಟೇಪ್ ಹಾಕಿದ ಮೇಲೆ ಬಣ್ಣ ಮರಳಿತು. ಅದೇ ಯಂತ್ರಕ್ಕೆ ಹೊಸ ಪ್ಯಾನೆಲ್ ಬೇಕು ಎಂದು ಅವನಿಗೆ ಹೇಳಿಯಾಗಿತ್ತು!

ಒಂದು ಎಚ್ಚರಿಕೆ ಹೇಳಲೇಬೇಕು. ಬ್ಯಾಟರಿಯ ಸಂಪರ್ಕ ತಪ್ಪಿಸದೆ ಆ ಕನೆಕ್ಟರ್ ಮುಟ್ಟಬೇಡಿ. ಪರದೆಗೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟಿಗೆ ವಿದ್ಯುತ್ ಹೋಗುವುದೂ ಅದೇ ಸಾಲಿನ ಪಿನ್‌ಗಳಲ್ಲಿ. ಅಲ್ಲಿ ಶಾರ್ಟ್ ಆದರೆ ಮದರ್‌ಬೋರ್ಡಿನ ಫ್ಯೂಸ್ ಸುಡಬಹುದು. ಬಿಚ್ಚುವ ಧೈರ್ಯವಿಲ್ಲದವರು ಬಿಚ್ಚುವುದು ಬೇಡ. ಮುಚ್ಚಳ ಅಲುಗಾಡಿಸಿದಾಗ ಬಣ್ಣ ಬದಲಾಗುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ರಿಪೇರಿ ಮಾಡುವವರಿಗೆ ತೋರಿಸಿ ‘ಮೊದಲು ಕೇಬಲ್ ನೋಡಿ’ ಎಂದರೆ ಸಾಕು.

ಪ್ಯಾನೆಲ್ಲೇ ಕೆಟ್ಟಿರುವ ಸಂದರ್ಭಗಳೂ ಬೇಕಾದಷ್ಟಿವೆ. ಮುಚ್ಚಳ ಹೇಗೆ ಸರಿಸಿದರೂ ಅಲುಗದೆ ಒಂದೇ ಜಾಗದಲ್ಲಿ ನಿಂತ ಉದ್ದ ಗೆರೆ ಸಾಮಾನ್ಯವಾಗಿ ಪ್ಯಾನೆಲ್ಲಿನದೇ ದೋಷ. ಡೆಲ್‌ನ ಅನೇಕ ಮಾದರಿಗಳಲ್ಲಿ ಡಿ ಕೀಲಿಯನ್ನು ಒತ್ತಿ ಹಿಡಿದು ಪವರ್ ಗುಂಡಿ ಒತ್ತಿದರೆ ಪರದೆ ಒಂದೊಂದೇ ಬಣ್ಣವನ್ನು ತುಂಬಿಸಿ ತೋರಿಸುತ್ತದೆ. ಆಗಲೂ ಗೆರೆ, ಕಲೆ ಉಳಿದರೆ ವಾದಕ್ಕೆ ಜಾಗವಿಲ್ಲ. ಪರದೆಯಲ್ಲಿ ಬಿಳಿಚಿದ ಕಲೆಯ ಜೊತೆಗೆ ಟಚ್‌ಪ್ಯಾಡ್ ಕೂಡ ಉಬ್ಬಿದ್ದರೆ ಮಾತ್ರ ಬಣ್ಣದ ಚಿಂತೆ ಬಿಟ್ಟು ಯಂತ್ರವನ್ನು ಆಫ್ ಮಾಡಿ. ಬ್ಯಾಟರಿ ಊದಿಕೊಂಡಿರಬಹುದು. ಅದು ಅಪಾಯ.

ಕಡೆಗೂ ಬದಲಿಸಲೇಬೇಕಾದರೆ, ಹಳೆಯ ಪ್ಯಾನೆಲ್ಲಿನ ಹಿಂದೆ ಅಂಟಿಸಿರುವ ಚೀಟಿಯಲ್ಲಿನ ಮಾದರಿ ಸಂಖ್ಯೆ ಬರೆದುಕೊಳ್ಳಿ. ಅಳತೆ ಒಂದೇ ಇದ್ದರೆ ಸಾಲದು. ಕನೆಕ್ಟರ್ 30 ಪಿನ್ನಿನದೋ 40 ಪಿನ್ನಿನದೋ ನೋಡಬೇಕು, ರೆಸಲ್ಯೂಷನ್ (ಪರದೆಯ ಚುಕ್ಕೆಗಳ ಸಂಖ್ಯೆ) ಹೊಂದಬೇಕು. ಇವೆಲ್ಲ ಸರಿಯಿದ್ದೂ ಬಣ್ಣದ ವ್ಯಾಪ್ತಿ ಕಡಿಮೆಯಿರುವ ಅಗ್ಗದ ಪ್ಯಾನೆಲ್ ಹಾಕಿದರೆ ಕೆಂಪು ಬಣ್ಣವು ಇಟ್ಟಿಗೆಯಂತೆ ಮಂಕಾಗಿ ಕಾಣುತ್ತದೆ. ಹಾಕುತ್ತಿರುವ ಪ್ಯಾನೆಲ್ಲಿನ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ತೆಗೆದ ಹಳೆಯದನ್ನು ವಾಪಸ್ ಕೇಳಿ.