ತಲೆಗೆಷ್ಟು?

ಅಕ್ಕನ ಮಗಳು ಪುಟ್ಟಿಗೆ ಗಂಡು ಗೊತ್ತಾಗಿದ್ದು 19 ದಿನದಲ್ಲಿ. ಜಾತಕ ಬಂತು. ಹಿಂದೆಯೇ ಹುಡುಗ ಬಂದ. ಉಪ್ಪಿಟ್ಟು, ಕೇಸರಿಬಾತು ತಿಂದ, ಒಪ್ಪಿದ. ಇವಳೂ ಒಪ್ಪಿದಳು. ಅದೇ ಮದುವೆಯ ಪ್ರೀ ವೆಡ್ಡಿಂಗ್ ಫೋಟೋಶೂಟಿಗೆ ಒಬ್ಬ ಹೇರ್‌ಸ್ಟೈಲಿಸ್ಟ್ ಗೊತ್ತಾಗಲು ಎರಡೂವರೆ ತಿಂಗಳು ಹಿಡಿಯಿತು.

ಹುಡುಕುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಸೋದರಮಾವ ಅಂದಮೇಲೆ ಹುಡುಗಿಯನ್ನು ಮಂಟಪಕ್ಕೆ ಕರೆದುಕೊಂಡು ಬರೋದು ನನ್ನ ಪಾಲಿನ ಕೆಲಸ ಅಂತ ಗೊತ್ತಿತ್ತು. ಕೂದಲ ಖಾತೆಯೂ ನನ್ನದೇ ಅಂತ ಗೊತ್ತಿರಲಿಲ್ಲ.

"ನಾನ್ಯಾಕೆ?" ಅಂದೆ.

"ನಿನ್ನ ತಲೇಲಿ ಒಂದು ಕೂದಲೂ ಇಲ್ಲ. ಆಸೆಯೂ ಇರಲ್ಲ, ಹೊಟ್ಟೆಕಿಚ್ಚೂ ಇರಲ್ಲ. ನೀನೇ ಸರಿ" ಅಂದಳು ಅಕ್ಕ.

ಒಂದೂ ಇಲ್ಲ ಅನ್ನೋದು ಸ್ವಲ್ಪ ಜಾಸ್ತಿಯಾಯ್ತು. ಎರಡು ಕಿವಿಯ ಮೇಲೆ ಒಂದಿಷ್ಟು ಗಡಿ ಕಾಯುತ್ತಿವೆ. ತಿಂಗಳಿಗೊಮ್ಮೆ ಬೀದಿ ಕೊನೆಯ ಕಟಿಂಗ್ ಶಾಪಿಗೆ ಹೋಗಿ ತೆಗೆಸುತ್ತೇನೆ. ಮಂಗಳವಾರ ಅಂಗಡಿಗೆ ರಜ, ಶನಿವಾರ ಮನೆಯಲ್ಲಿ ಬೇಡ ಅಂತಾರೆ, ಮಿಕ್ಕ ದಿನ ಹೋಗಬಹುದು. ನನಗಿದ್ದ ಕೇಶಜ್ಞಾನ ಇಷ್ಟೇ.

"ನಮ್ಮ ಬೀದೀಲೇ ಪಾರ್ಲರ್ ಇದೆಯಲ್ಲ" ಅಂದೆ. ಪುಟ್ಟಿ ನನ್ನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ಹಾರ್ಟ್ ಆಪರೇಷನ್ನಿಗೆ ಮೆಡಿಕಲ್ ಶಾಪಿಗೆ ಹೋಗೋಣ ಅಂದ ಹಾಗಿತ್ತು.

"ಪಾರ್ಲರ್ ಬೇರೆ, ಸಲೂನ್ ಬೇರೆ, ಸ್ಟುಡಿಯೋ ಬೇರೆ, ಅಕಾಡೆಮಿ ಬೇರೆ ಮಾಮ."

ಆಮೇಲೆ ನಾಲ್ಕೂ ಕಡೆ ಹೋಗಿ ಬಂದೆ. ಅದೇ ಕನ್ನಡಿ, ಅದೇ ಕುರ್ಚಿ, ಅದೇ ಬಾಚಣಿಗೆ. ಬೋರ್ಡಿನ ಅಕ್ಷರ ತೆಳ್ಳಗಾದಷ್ಟೂ ದರ ದಪ್ಪಗಾಗುತ್ತೆ, ಅಷ್ಟೇ.

ಪುಟ್ಟಿ ಇನ್‌ಸ್ಟಾಗ್ರಾಮಿನಲ್ಲಿ ಆರಿಸಿದ ಪುಟಗಳನ್ನೆಲ್ಲ ನನಗೆ ಕಳಿಸಿದಳು. ಯಾವುದರಲ್ಲೂ ಮುಖ ಇಲ್ಲ. ಎಲ್ಲವೂ ಹಿಂದಲೆ. ಹಿಂದಲೆ ನಿಧಾನಕ್ಕೆ ಎಡಕ್ಕೆ ತಿರುಗುತ್ತೆ, ನಿಧಾನಕ್ಕೆ ಬಲಕ್ಕೆ ತಿರುಗುತ್ತೆ, ಹಿಂದೆ ಪಿಟೀಲು. ಒಂದು ವಾರ ಇದನ್ನೇ ನೋಡಿದ ಮೇಲೆ ಸಿಟಿ ಬಸ್ಸಿನಲ್ಲಿ ಮುಂದಿನ ಸೀಟಿನವರ ತಲೆಯ ಬಗ್ಗೆಯೂ ನನಗೆ ಅಭಿಪ್ರಾಯ ಹುಟ್ಟತೊಡಗಿತು. ಒಬ್ಬರಿಗೆ ಹೇಳಿಯೂ ಬಿಡುತ್ತಿದ್ದೆ, ಅಷ್ಟರಲ್ಲಿ ನನ್ನ ಸ್ಟಾಪು ಬಂತು.

ದರ ಮಾತ್ರ ಎಲ್ಲೂ ಬರೆದಿರಲ್ಲ. ಚಿನ್ನದ ರೇಟು ದಿನಾ ಪೇಪರಲ್ಲಿ ಬರುತ್ತೆ. ತೊಗರಿಬೇಳೆ ರೇಟು ಅಂಗಡಿಯ ಹಲಗೆ ಮೇಲಿರುತ್ತೆ. ಜಡೆಯ ರೇಟು ಗುಟ್ಟು. ಮೆಸೇಜು ಹಾಕಿ ಕೇಳಬೇಕು. ಕೇಳಿದರೆ ಅವರೇ ಕೇಳಲು ಶುರು ಮಾಡುತ್ತಾರೆ. ಯಾವ ದಿನ? ಯಾವ ಜಾಗ? ಮದುವೆ ಯಾವ ಛತ್ರದಲ್ಲಿ?

"ಶೂಟ್ ಇರೋದು ಬೀಚಲ್ಲಿ. ಛತ್ರ ಯಾಕಮ್ಮ ನಿಮಗೆ?"

"ಸುಮ್ನೆ ಸರ್, ಒಂದು ಐಡಿಯಾಗೆ."

ಛತ್ರದ ಹೆಸರು ಹೇಳಿದೆ. ಎರಡೇ ನಿಮಿಷಕ್ಕೆ ದರ ಬಂತು. ಐಡಿಯಾ ಸರಿಯಾಗಿಯೇ ಸಿಕ್ಕಿತ್ತು ಅವರಿಗೆ.

ಕೂದಲಿಗೆ ಒಂದು ರೇಟು. ಊರು ಬಿಟ್ಟು ಬಂದರೆ ಇನ್ನೊಂದು. ಜೊತೆಗೆ ಬರುವ ಅಸಿಸ್ಟೆಂಟಿಗೆ ಮತ್ತೊಂದು. ಈ ಅಸಿಸ್ಟೆಂಟಿನ ಕೆಲಸ ಪಿನ್ನು ಹಿಡಿದುಕೊಂಡು ನಿಲ್ಲೋದು. ಬೆಳಗಿನ ಜಾವ ಐದಕ್ಕೆ ಮುಂಚೆ ಎಬ್ಬಿಸಿದರೆ ಅದಕ್ಕೂ ಚಾರ್ಜು. ಎಕ್ಸ್‌ಟೆನ್ಷನ್ ಬೇಕಾದರೆ ಬಾಡಿಗೆ. ಎಕ್ಸ್‌ಟೆನ್ಷನ್ ಅಂದರೆ ಏನೋ ಅಂದುಕೊಂಡಿದ್ದೆ. ನಮ್ಮಜ್ಜಿಯ ಚೌರಿ! ಬಾಚುವಾಗ ಉದುರಿದ ಕೂದಲನ್ನೇ ಕೂಡಿಸಿಟ್ಟು, ಚೌರಿ ಕಟ್ಟಿಸಿ, ಸ್ವಂತ ಕೂದಲನ್ನು ಸ್ವಂತಕ್ಕೇ ಮರುಬಳಕೆ ಮಾಡಿಕೊಂಡವರು ಅಜ್ಜಿ. ಈಗ ಹಾಗಲ್ಲ. ಭಕ್ತರು ತಿಮ್ಮಪ್ಪನಿಗೆ ಕೊಟ್ಟ ಮುಡಿಯನ್ನು ಟಿಟಿಡಿಯವರು ಹರಾಜು ಹಾಕುತ್ತಾರೆ. ಅದು ದೇಶ ವಿದೇಶ ಸುತ್ತಿ ವಿಗ್ಗಾಗುತ್ತೆ, ಎಕ್ಸ್‌ಟೆನ್ಷನ್ ಆಗುತ್ತೆ. ತಲೆ ಬಯಲಾಗುವ ಮೊದಲು ನಾನೂ ಎರಡು ಸಲ ತಿರುಪತಿಯಲ್ಲಿ ಮುಡಿ ಕೊಟ್ಟಿದ್ದೇನೆ. ಅಕಸ್ಮಾತ್ ಅದೇ ಕೂದಲು ಬಾಡಿಗೆಗೆ ಬಂದಿದ್ದರೆ ರೇಟಲ್ಲಿ ಏನಾದರೂ ಕಡಿಮೆ ಆಗುತ್ತಾ ಅಂತ ಕೇಳಿದೆ. ಫೋನ್ ಇಟ್ಟರು.

ಇನ್ನೊಬ್ಬರ ಹತ್ತಿರ ಜಿಎಸ್‌ಟಿ ವಿಷಯ ತೆಗೆದೆ. 2025ರ ಸೆಪ್ಟೆಂಬರ್ 22ರಿಂದ ಸಲೂನು, ಕ್ಷೌರದಂಗಡಿಗಳ ಸೇವೆಗೆ ತೆರಿಗೆ ಶೇಕಡ 18ರಿಂದ 5ಕ್ಕೆ ಇಳಿದಿದೆ. ಬೋಳುತಲೆಯವನಾದ ನಾನು ಈ ಸುದ್ದಿಯನ್ನು ಮೊದಲ ಸಲ ಆಸೆಯಿಂದ ಓದಿದ್ದೆ. "ಹಾಗಾದರೆ ರೇಟು ಇಳಿಯಬೇಕಲ್ವಾ?" ಅಂದೆ. "ಅದು ಬಿಲ್ ತಗೊಳ್ಳೋರಿಗೆ ಸರ್. ನಿಮಗೆ ಬಿಲ್ ಬೇಕಾ?" ಅಂದರು. ಬೇಕು ಅಂದೆ. "ಹಾಗಾದ್ರೆ ಐದು ಪರ್ಸೆಂಟ್ ಜಾಸ್ತಿ ಆಗುತ್ತೆ" ಅಂದರು.

ಕೊನೆಗೆ ಒಬ್ಬರು ಟ್ರಯಲ್‌ಗೆ ಒಪ್ಪಿದರು. ಟ್ರಯಲ್‌ಗೂ ದುಡ್ಡು. ಹಿಂದಿನ ರಾತ್ರಿ ತಲೆಗೆ ಎಣ್ಣೆ ಹಚ್ಚಬಾರದು ಅಂತ ಮೂರು ಸಲ ಮೆಸೇಜು ಬಂತು. ಅಜ್ಜಿ ಅದನ್ನು ಮನೆತನದ ಮೇಲಿನ ಆರೋಪ ಅಂತಲೇ ತಗೊಂಡರು.

ಬಂದವರು ಪುಟ್ಟಿಯ ಕೂದಲನ್ನು ಬೆರಳಲ್ಲಿ ಉಜ್ಜಿ ನೋಡಿದರು, ಎತ್ತಿ ನೋಡಿದರು, ಬಿಟ್ಟು ನೋಡಿದರು. ಹಸು ಕೊಳ್ಳುವವರೂ ಇಷ್ಟು ನೋಡಲ್ಲ. ಆಮೇಲೆ, "ವರ್ಜಿನ್ ಹೇರಾ?" ಅಂದರು. ಕೆಮಿಕಲ್ ಮುಟ್ಟಿಸದ ಕೂದಲಿಗೆ ಅವರ ಕಸುಬಿನಲ್ಲಿ ಹಾಗೆ ಅಂತಾರಂತೆ. ಅಜ್ಜಿಗೆ ಇಂಗ್ಲಿಷ್ ಬರಲ್ಲ ಅನ್ನೋದು ಆ ದಿನದ ಪುಣ್ಯ.

ಒಂದು ಗಂಟೆ ನಲವತ್ತು ನಿಮಿಷ ಕೆಲಸ ನಡೆಯಿತು. ಮುಗಿದಾಗ ಪುಟ್ಟಿಯ ತಲೆ ಮೂರು ದಿನ ಜ್ವರದಲ್ಲಿ ಮಲಗಿ ಈಗಷ್ಟೇ ಎದ್ದವರ ತಲೆಯ ಹಾಗಿತ್ತು. ಒಂದು ಗಂಟು ಸಡಿಲ, ನಾಲ್ಕು ಎಳೆ ಹಣೆ ಮೇಲೆ, ಎರಡು ಎಳೆ ಕುತ್ತಿಗೆ ಮೇಲೆ. ಇದರ ಹೆಸರು ಮೆಸ್ಸಿ ಬನ್. ಇದೇ ತಲೆಯಲ್ಲಿ ಸ್ಕೂಲಿಗೆ ಹೋಗಿದ್ದರೆ ಪ್ರೇಯರಿನಲ್ಲೇ ಹೊರಗೆ ನಿಲ್ಲಿಸುತ್ತಿದ್ದರು. ಅಜ್ಜಿ ಸದ್ದಿಲ್ಲದೆ ಎದ್ದು ಒಳಗೆ ಹೋಗಿ ಬಾಚಣಿಗೆ ತಂದರು.

"ಅಜ್ಜಿ, ಇದು ಫಿನಿಶ್ ಆಗಿದೆ" ಅಂದರು ಸ್ಟೈಲಿಸ್ಟ್.

"ಶುರುವೇ ಆಗಿಲ್ಲವಲ್ಲಮ್ಮ" ಅಂದರು ಅಜ್ಜಿ.

ಅಜ್ಜಿ ಹಾಗೆ ಅನ್ನೋದಕ್ಕೆ ಹಕ್ಕಿದೆ. ನಮ್ಮ ನಡುಮನೆಯ ಗೋಡೆ ಮೇಲೆ ಅವರದೊಂದು ಕಪ್ಪುಬಿಳುಪು ಫೋಟೋ ಇದೆ. ಮೊಗ್ಗಿನ ಜಡೆ ಹಾಕಿಸಿಕೊಂಡು, ಹಿಂದೆ ನಿಲುವುಗನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆಸಿದ್ದು. ನಿಮ್ಮ ಮನೆಯಲ್ಲೂ ಇಂಥದೊಂದು ಇರಬಹುದು. ಆ ಕಾಲದಲ್ಲಿ ಬೇಸಿಗೆ ಬಂದು ಮಲ್ಲಿಗೆ ಅಗ್ಗವಾಯಿತು ಅಂದರೆ ಬೀದಿಯ ಹೆಣ್ಣುಮಕ್ಕಳೆಲ್ಲ ಸರದಿಯ ಮೇಲೆ ಸ್ಟುಡಿಯೋಗೆ ಹೋಗುತ್ತಿದ್ದರು. ಜಡೆ ಹೊಲಿಯುತ್ತಿದ್ದವರು ಪಕ್ಕದ ಮನೆಯವರು. ಬಾಳೆಪಟ್ಟೆ, ಸೂಜಿ, ದಾರ, ಒಂದು ಮೊರದ ತುಂಬ ಮೊಗ್ಗು. ಮಧ್ಯಾಹ್ನ ಊಟವಾದ ಮೇಲೆ ಕೂತರೆ ಸಂಜೆಗೆ ಮುಗಿಯಬೇಕು, ಮೊಗ್ಗು ಬಿರಿಯುವುದರ ಒಳಗೆ ಫೋಟೋ ಆಗಬೇಕು. ತಲೆ ಆಡಿಸಿದರೆ ಸೂಜಿ ಚುಚ್ಚುತ್ತಿತ್ತು, ಆಡಿಸದಿದ್ದರೆ ಕುತ್ತಿಗೆ ಹಿಡಿಯುತ್ತಿತ್ತು. ಸುಖವೇನೂ ಇರಲಿಲ್ಲ ಅನ್ನಿ. ಆದರೆ ಹೊಲಿದವರಿಗೆ ಕೊಟ್ಟಿದ್ದು ಒಂದು ಲೋಟ ಕಾಫಿ, ಮಿಕ್ಕ ಮೊಗ್ಗು. ಛತ್ರದ ಹೆಸರು ಯಾರೂ ಕೇಳಲಿಲ್ಲ.

ಪುಟ್ಟಿಗೆ ಮೊಗ್ಗಿನ ಜಡೆ ಬೇಡವೇ ಅಂತ ಕೇಳಿದೆ. "ಅದು ಸೀಮಂತದ ಥೀಮ್ ಮಾಮ" ಅಂದಳು. ಅದರ ಬುಕಿಂಗೂ ಈಗಲೇ ಮಾಡಿಸಬೇಕಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗಿನ ಥೀಮು ಬೀಚು. ಬೀಚಿಗೆ ಮೆಸ್ಸಿ ಬನ್ ಹೊಂದಲ್ಲ ಅಂತ ಟ್ರಯಲ್ ಆದಮೇಲೆ ಗೊತ್ತಾಯಿತು. ಥೀಮಿನ ಹುಚ್ಚು ಪುಟ್ಟಿಗೆ ಒಬ್ಬಳಿಗೇ ಅಲ್ಲ ಅನ್ನೋದೇ ಸಮಾಧಾನ. 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆ ಭರಮಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ವೈದ್ಯರೊಬ್ಬರು ಆಪರೇಷನ್ ಥಿಯೇಟರಿನ ಒಳಗೇ ಪ್ರೀ ವೆಡ್ಡಿಂಗ್ ಶೂಟ್ ಮಾಡಿಸಿದ್ದು ನೆನಪಿದೆಯಲ್ಲ? ಮೇಲೆ ದೊಡ್ಡ ಲೈಟು, ಮೇಜಿನ ಮೇಲೆ ರೋಗಿ, ಪಕ್ಕದಲ್ಲಿ ಸಹಾಯಕ್ಕೆ ಮದುವೆ ಹುಡುಗಿ. ಕೊನೆಗೆ ರೋಗಿ ಎದ್ದು ಕೂತರು. ವಿಡಿಯೋ ಊರೆಲ್ಲ ಹರಿದಾಡಿ, ವೈದ್ಯರ ಕೆಲಸ ಹೋಯಿತು. ಜನರ ಆಸ್ಪತ್ರೆಯನ್ನು ಸ್ಟುಡಿಯೋ ಮಾಡಿಕೊಂಡಿದ್ದಕ್ಕೆ ನಾನೂ ಅವತ್ತು ಬೈದಿದ್ದೆ. ಈಗ ಯೋಚಿಸಿದರೆ ಒಂದು ಮಾತು ಒಪ್ಪಲೇಬೇಕು. ಥಿಯೇಟರಿನ ಒಳಗೆ ಎಲ್ಲರೂ ಕೂದಲು ಮುಚ್ಚುವ ಟೋಪಿ ಹಾಕಬೇಕು. ಇಡೀ ಕರ್ನಾಟಕದಲ್ಲಿ ಹೇರ್‌ಸ್ಟೈಲಿಸ್ಟ್ ಬೇಡದ ಲೊಕೇಶನ್ ಅದೊಂದೇ.

ನಮ್ಮದು ಮಲ್ಪೆ. ಮೈಸೂರಿಂದ ಘಾಟಿ ಇಳಿದು ಹೋದೆವು. ಎರಡು ಕಾರು. ಒಂದರಲ್ಲಿ ಮನುಷ್ಯರು, ಇನ್ನೊಂದರಲ್ಲಿ ಸ್ಟೈಲಿಸ್ಟಿನ ಸಾಮಾನು. ಫೋಟೋಗ್ರಾಫರಿಗೆ ಸಮುದ್ರದಿಂದ ಸೂರ್ಯ ಏಳಬೇಕಿತ್ತು. ಪಡುವಣ ಕಡಲಲ್ಲಿ ಸೂರ್ಯ ಮುಳುಗೋದಷ್ಟೇ, ಏಳೋದಕ್ಕೆ ಚೆನ್ನೈಗೆ ಹೋಗಬೇಕು ಅಂತ ಹೋಟೆಲಿನವರು ತಿಳಿಸಿ ಹೇಳಿದರು. ಸರಿ, ಸಂಜೆಯೇ ಆಗಲಿ ಅಂತಾಯಿತು. ಸೂರ್ಯ ಮುಳುಗೋದು ಆರೂವರೆಗೆ. ತಲೆ ಶುರುವಾಗಿದ್ದು ಮಧ್ಯಾಹ್ನ ಒಂದಕ್ಕೆ.

ಆರಿಸಿದ್ದ ಸ್ಟೈಲಿನ ಹೆಸರು ಬೀಚ್ ವೇವ್ಸ್. ಸಮುದ್ರದ ಗಾಳಿಗೆ ಕೂದಲು ತಾನಾಗಿ ಅಲೆ ಅಲೆಯಾದ ಹಾಗೆ ಕಾಣಬೇಕು. ಸಮುದ್ರ ಎದುರಿಗೇ ಇತ್ತು. ಗಾಳಿಯೂ ಬಿಟ್ಟಿಯಾಗಿ ಬೀಸುತ್ತಿತ್ತು. ಆದರೂ ಹೋಟೆಲ್ ರೂಮಿನ ಕಿಟಕಿ ಬಾಗಿಲು ಹಾಕಿ, ಎಸಿ ಹಾಕಿ, ಕೆಲಸಕ್ಕೆ ಕೂತರು. ಪುಟ್ಟಿಯದು ಹುಟ್ಟು ಗುಂಗುರು. ಮೊದಲು ಆ ಗುಂಗುರನ್ನೆಲ್ಲ ಬಿಸಿಯಲ್ಲಿ ಎಳೆದು ನೆಟ್ಟಗೆ ಮಾಡಿದರು. ನೆಟ್ಟಗಾದ ಮೇಲೆ ಕಬ್ಬಿಣದ ಕೋಲಿಗೆ ಸುತ್ತಿ ಮತ್ತೆ ಗುಂಗುರು ಮಾಡಿದರು.

"ಮೊದಲೇ ಗುಂಗುರಿತ್ತಲ್ಲಮ್ಮ?"

"ಅದು ಗುಂಗುರು ಸರ್. ಇದು ವೇವ್ಸು."

ಆ ಕೋಲಿನ ಮೇಲೆ 190 ಡಿಗ್ರಿ ಅಂತ ತೋರಿಸುತ್ತಿತ್ತು. ಇಡ್ಲಿ ಬೇಯುವುದಕ್ಕೆ 100 ಸಾಕು.

ಅದೇ ರೂಮಿನ ಮೂಲೆಯಲ್ಲಿ ಹುಡುಗನ ನೆತ್ತಿಗೆ ಕಪ್ಪು ಪುಡಿ ಉದುರಿಸುತ್ತಿದ್ದರು, ದೋಸೆಗೆ ಚಟ್ನಿಪುಡಿ ಉದುರಿಸಿದ ಹಾಗೆ. ಕೂದಲು ದಟ್ಟವಾಗಿ ಕಾಣಲಿ ಅಂತ. ಅವನು ನನ್ನ ಕಡೆ ನೋಡಿದ. ನಾನು ಕಿಟಕಿ ಕಡೆ ನೋಡಿದೆ.

ಐದೂಕಾಲಿಗೆ ಬಾಗಿಲು ತೆಗೆದರು. ಮಲ್ಪೆಯ ಗಾಳಿ ಒಳಗೆ ಬಂತು. ಆಮೇಲೆ ನಡೆದಿದ್ದು ಶುದ್ಧ ವಿಜ್ಞಾನ. ಕೂದಲಿನ ಒಳಗೆ ಹೈಡ್ರೋಜನ್ ಬಂಧಗಳು ಇರುತ್ತವೆ. ಬಿಸಿ ಮಾಡಿದರೂ ಬಿಡುತ್ತವೆ, ತೇವ ತಗುಲಿದರೂ ಬಿಡುತ್ತವೆ. ಐರನ್ ಮಾಡೋದು ಅಂದರೆ ಬಿಸಿಯಲ್ಲಿ ಬಿಡಿಸಿ, ತಣ್ಣಗಾಗುವಾಗ ನಮಗೆ ಬೇಕಾದ ಆಕಾರದಲ್ಲಿ ಕಟ್ಟಿಹಾಕೋದು, ಅಷ್ಟೇ. ಗಾಳಿಯಲ್ಲಿ ತೇವ ಇದ್ದರೆ ಆ ಗಂಟು ಬಿಚ್ಚಿಕೊಂಡು ಕೂದಲು ತನ್ನ ಹುಟ್ಟುಗುಣಕ್ಕೆ ವಾಪಸ್ಸು. ಹೋಟೆಲಿಂದ ನೀರಿನ ತನಕ ನಡೆಯಲು ಹತ್ತು ನಿಮಿಷ. ಅಷ್ಟರಲ್ಲಿ ನಾಲ್ಕು ಗಂಟೆಯ ಬೀಚ್ ವೇವ್ಸ್ ಹೋಗಿ ನಮ್ಮ ಪುಟ್ಟಿಯ ಮಾಮೂಲಿ ತಲೆ ಬಂದಿತ್ತು. ಬೀಚ್ ವೇವ್ಸ್ ಬಾಳದ ಒಂದೇ ಜಾಗ ಬೀಚು ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಸ್ಟೈಲಿಸ್ಟ್ ಸ್ಪ್ರೇ ಡಬ್ಬಿ ಹಿಡಿದು ಹಿಂದೆ ಓಡಿದರು. ಅಸಿಸ್ಟೆಂಟ್ ಪಿನ್ನು ಹಿಡಿದು ಅವರ ಹಿಂದೆ ಓಡಿದಳು. ಸ್ಪ್ರೇ ಬಿದ್ದಲ್ಲಿ ಮರಳು ಅಂಟಿಕೊಂಡಿತು. ಹುಡುಗನ ನೆತ್ತಿಯ ಪುಡಿ ಗಾಳಿಗೆ ಹಾರಿ ಪುಟ್ಟಿಯ ಬಿಳಿ ಗೌನಿನ ಹೆಗಲ ಮೇಲೆ ಕೂತಿತು. ಬಲೆ ಎಳೆಯುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಫೋಟೋಗ್ರಾಫರ್ ಮಾತ್ರ ಹತ್ತು ಸೆಕೆಂಡಿಗೊಮ್ಮೆ ಒಂದೇ ಮಾತು ಕೂಗುತ್ತಿದ್ದ. "ಮೇಡಂ, ನ್ಯಾಚುರಲ್ ಆಗಿರಿ!"

ಫೋಟೋ ಬರಲು ಐದು ವಾರ ಹಿಡಿಯಿತು. ಛತ್ರದ ಬಾಗಿಲಲ್ಲಿ ನಿಲ್ಲಿಸಲು ಆರಡಿ ಎತ್ತರದ ಪ್ರಿಂಟಿಗೆ ಆರಿಸಿದ ಫೋಟೋದಲ್ಲಿ ಕೆಂಪು ಆಕಾಶ, ಮುಳುಗುವ ಸೂರ್ಯ, ನಡುವೆ ಎರಡು ಕಪ್ಪು ಆಕೃತಿ. ಮೂಗು ಯಾವುದು, ಕೂದಲು ಯಾವುದು ಗೊತ್ತಾಗಲ್ಲ. ಎಡಗಡೆ ಇರೋದು ಪುಟ್ಟಿ ಅಂತ ಗೌನಿನಿಂದ ಊಹಿಸಬೇಕು. "ಸಿಲೂಯೆಟ್ ಸರ್, ಇದೇ ಟ್ರೆಂಡು" ಅಂದ. ತಲೆ ಕಾಣುವ ಫೋಟೋಗಳೂ ಇದ್ದವು. ಅವುಗಳಲ್ಲಿ ಪುಟ್ಟಿಯ ಕೂದಲು ಸೊಂಟದ ತನಕ, ರೇಷ್ಮೆಯ ಹಾಗೆ, ಅಲೆ ಅಲೆಯಾಗಿ ಇಳಿದಿತ್ತು. ಅಜ್ಜಿ ಕನ್ನಡಕ ಒರೆಸಿಕೊಂಡು ನೋಡಿ, "ಇದು ಯಾರ ಮನೆ ಹುಡುಗಿ?" ಅಂದರು.

"ಎಐನಲ್ಲಿ ಹಾಕಿದ್ದೀನಿ ಸರ್. ಒರಿಜಿನಲ್ ಹೇರಲ್ಲಿ ಮರಳಿತ್ತು" ಅಂದ ಫೋಟೋಗ್ರಾಫರ್. ಒಂದು ಫೋಟೋಗೆ ಇಷ್ಟು ಅಂತ ಅದಕ್ಕೂ ಲೆಕ್ಕ ಬರೆದಿದ್ದ.

ಇದಾದ ಮೇಲೆ ಯಾರಾದರೂ ಬುದ್ಧಿ ಕಲಿಯಬೇಕಿತ್ತು. ನಿನ್ನೆ ಅದೇ ಸ್ಟೈಲಿಸ್ಟ್ ಮದುವೆಯ ದಿನದ ಕೊಟೇಶನ್ ಕಳಿಸಿದರು. ಫ್ಯಾಮಿಲಿ ಪ್ಯಾಕೇಜು. ತಲೆಗೆ 3,500 ರೂಪಾಯಿ, ಒಟ್ಟು 9 ತಲೆ. ನಾನು ಎಣಿಸಿದೆ. ಪುಟ್ಟಿ, ಅಕ್ಕ, ಬೀಗಿತಿ, ಚಿಕ್ಕಮ್ಮಂದಿರು ಇಬ್ಬರು, ಅವರ ಹೆಣ್ಣುಮಕ್ಕಳು ಮೂವರು. ಎಷ್ಟು ಸಲ ಎಣಿಸಿದರೂ ಎಂಟೇ. ಅಜ್ಜಿ ತಮ್ಮ ತಲೆ ಮುಟ್ಟಲು ಯಾರಿಗೂ ಬಿಡಲ್ಲ. ಫೋನ್ ಮಾಡಿದೆ.

"ಒಂಬತ್ತನೇ ತಲೆ ಯಾರದಮ್ಮ?"

"ನಿಮ್ಮದೇ ಸರ್. ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರೋದು ನೀವೇ ಅಲ್ವಾ? ಫ್ರೇಮಲ್ಲಿ ಬರ್ತೀರ."

"ಬರ್ತೀನಿ. ಆದರೆ ಅಲ್ಲಿ ಏನು ಮಾಡ್ತೀರ?"

"ಮ್ಯಾಟ್ ಫಿನಿಶ್ ಸರ್. ಇಲ್ಲಾಂದ್ರೆ ಲೈಟ್ ಬಿದ್ದಾಗ ಹೊಳೆಯುತ್ತೆ, ಹುಡುಗಿ ಮುಖ ಕಾಣಲ್ಲ."

ಬುಧವಾರ ಹನ್ನೊಂದು ಗಂಟೆಗೆ ಟ್ರಯಲ್ ಇದೆ. ಹಿಂದಿನ ರಾತ್ರಿ ಎಣ್ಣೆ ಹಚ್ಚಬಾರದಂತೆ.