ಬೈಗುಳ ಯಾರಿಗೆ ತಾಗುತ್ತೆ?

ನಿನ್ನೆ ಮೆಜೆಸ್ಟಿಕ್ ಕಡೆ ಒಂದು ಥಿಯೇಟರಲ್ಲಿ ರೌಡಿ ಸಿನಿಮಾ ನೋಡಿ ಬಂದೆ. ಹೆಸರು ಬೇಡ. ಹತ್ತು ನಿಮಿಷಕ್ಕೇ ಎಲ್ಲರ ಅಮ್ಮ, ಅಕ್ಕಂದಿರನ್ನೂ ಬೀದಿಗೆಳೆದಾಗಿತ್ತು. ಮ್ಯೂಟ್ ಮಾಡಿದ ಕಡೆ ಜನ ತುಟಿ ನೋಡಿಯೇ ಪದ ತುಂಬಿ ಶಿಳ್ಳೆ ಹೊಡೆದರು. ಹೊರಗೆ ಬಂದ ಮೇಲೆ ಗೆಳೆಯ ಅಂದ, "ಸಖತ್ ರಿಯಲ್ ಆಗಿದೆ ಗುರು, ನಮ್ ಏರಿಯಾ ಹುಡುಗ್ರು ಹಿಂಗೇ ಅಲ್ವಾ ಮಾತಾಡೋದು?"

ಅಲ್ಲ. ಹಿಂಗೆ ಮಾತಾಡಲ್ಲ.

ನಮ್ಮಪ್ಪಂದು ಜೆ.ಸಿ. ರಸ್ತೆ ಹಿಂದಿನ ಗಲ್ಲೀಲಿ ಟಿಂಕರಿಂಗ್ ಶೆಡ್ ಇತ್ತು. ಸ್ಕೂಲು ಬಿಟ್ಟರೆ ನಾನು ಅಲ್ಲೇ. ನಮ್ಮ ಮೇಸ್ತ್ರಿ ಬಗ್ಗದ ತಗಡಿಗೂ ಬೈಯೋರು, ಕೈಗೆ ಸಿಗದ ಸುತ್ತಿಗೆಗೂ ಬೈಯೋರು. 'ನನ್ಮಗಂದು' ಅನ್ನೋದು ಅಲ್ಲಿ ಬೈಗುಳದ ಲೆಕ್ಕಕ್ಕೇ ಬರ್ತಿರಲಿಲ್ಲ. ಹುಡುಗನೊಬ್ಬ ಡೆಂಟು ಚೆನ್ನಾಗಿ ತೆಗೆದರೆ "ಬಡ್ಡಿಮಗ, ಕಲ್ತ್‌ಬಿಟ್ಟ ನೋಡು" ಅಂತ ಬೆನ್ನು ತಟ್ಟೋರು. ಅಷ್ಟು ಬಾಯಿಬಿಡೋ ಶೆಡ್ಡು, ಮಧ್ಯಾಹ್ನ ಅಮ್ಮ ಊಟದ ಕ್ಯಾರಿಯರ್ ಹಿಡಿದು ಗಲ್ಲಿ ತಿರುವಲ್ಲಿ ಕಂಡರೆ ಗಪ್‌ಚುಪ್.

ಒಂದಿನ ಮೇಸ್ತ್ರಿ ಬಾಯಲ್ಲಿ 'ಮುಂಡೆಮಗನೆ' ಬಂತು. ದಿನಾ ಬರೋ ಪದವೇ. ಆದರೆ ಆ ಹುಡುಗನ ತಂದೆ ತೀರಿಕೊಂಡು ಎರಡು ತಿಂಗಳಾಗಿತ್ತಷ್ಟೆ. ಅವನು ಸುತ್ತಿಗೆ ಕೆಳಗಿಟ್ಟ, ಕೈ ಒರೆಸಿಕೊಂಡ, ಹೊರಟುಹೋದ. ಮೇಸ್ತ್ರಿ ಸಂಜೆವರೆಗೂ ತುಟಿ ಬಿಚ್ಚಲಿಲ್ಲ. ಮೂರನೇ ದಿನ ತಾವೇ ಅವನ ಮನೆಗೆ ಹೋಗಿ ಬಾಗಿಲಲ್ಲಿ ನಿಂತು, "ತಪ್ಪಾಯ್ತಮ್ಮ, ಹುಡುಗನ್ನ ಕಳಿಸ್ಕೊಡಿ" ಅಂದರು.

ಮುಂಡೆ ಅಂದರೆ ಗಂಡ ಸತ್ತವಳು. ಬೋಳಿ ಅಂದರೆ ಗಂಡ ಸತ್ತನೆಂದು ತಲೆ ಬೋಳಿಸಿ ಕೂರಿಸಿದವಳು. ನಮ್ಮ ಬೈಗುಳದಲ್ಲಿ ಇಂಥ ಹೆಂಗಸರ ಸಂಕಟವೇ ತುಂಬಿದೆ. ನಿನ್ನೆಯ ಸಿನಿಮಾದಲ್ಲಿ ಅವೇ ಪದ ಲೆಕ್ಕವಿಲ್ಲದಷ್ಟು ಸಲ ಬಂದವು, ಒಬ್ಬನಿಗೂ ತಾಗಲಿಲ್ಲ. ಪೊಲೀಸು, ಎಂಎಲ್‌ಎ, ಕಾಲೇಜು ಹುಡುಗ ಎಲ್ಲರ ಬಾಯಲ್ಲೂ ಅವೇ ನಾಲ್ಕು ಪದ. ಕಲಾಸಿಪಾಳ್ಯದಲ್ಲಿ ಕನ್ನಡ, ತಮಿಳು, ಉರ್ದು ಬೆರೆಸಿ ಬೈಯೋದನ್ನ ಒಂದು ಗಂಟೆ ನಿಂತು ಕೇಳಿದವರು ಹೀಗೆ ಬರೆಯಲ್ಲ.

2016ರಲ್ಲಿ ತೆರೆಕಂಡ 'ತಿಥಿ' ನೆನಪಿದೆಯಾ? ಮಂಡ್ಯ ಕಡೆ ಹಳ್ಳಿ ಜನರೇ ನಟಿಸಿದ್ದು. ಶುರುವಿನಲ್ಲೇ 101 ವರ್ಷದ ಸೆಂಚುರಿ ಗೌಡ ಬೀದಿ ಬದಿ ಕೂತು ಹೋಗಿ ಬರೋರಿಗೆಲ್ಲ ಬೈತಾನೆ. ನಮ್ಮಮ್ಮ ಪಕ್ಕದಲ್ಲೇ ಕೂತು ಹೊಟ್ಟೆ ಹಿಡ್ಕೊಂಡು ನಕ್ಕರು, ನನಗೂ ಮುಜುಗರ ಆಗಲಿಲ್ಲ. ಆ ಬೈಗುಳ ಆ ಮುದುಕಂದು, ಬೇರೆಯವರ ಬಾಯಲ್ಲಿ ಕೂರಲ್ಲ.

ಹಾಗಂತ ಕತ್ತರಿ ಹಾಕಿ ಅಂತಿಲ್ಲ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಸೆನ್ಸಾರ್‌ನ ಯು/ಎ ಸರ್ಟಿಫಿಕೇಟನ್ನು ವಯಸ್ಸಿನ ಲೆಕ್ಕದಲ್ಲಿ 7+, 13+, 16+ ಅಂತ ಒಡೆದಾಗಿದೆ. ವಯಸ್ಸು ಹಾಕಿ ಬಿಡಲಿ, ಮ್ಯೂಟ್ ಬೇಡ. ಸಂಭಾಷಣೆ ಬರೆಯೋರೇ, ಬೇಕಾದಷ್ಟು ಬೈಸಿ. ಆದರೆ ಆ ಬೈಯೋನ ಅಮ್ಮ ಕ್ಯಾರಿಯರ್ ಹಿಡಿದು ಬಂದಾಗ ಅವನ ಬಾಯಿ ಏನಾಗುತ್ತೆ ಅನ್ನೋದನ್ನೂ ಬರೀರಿ.